ಲೋಟದ ಲೆಕ್ಕ

ಭಾನುವಾರ ಮಧ್ಯಾಹ್ನ ಸಿದ್ದರಾಜು ನಲ್ಲಿಯ ಕೆಳಗೆ ಕೂತು ಸೀದ ಸಾರಿನ ಪಾತ್ರೆ ತಿಕ್ಕುತ್ತಿದ್ದ. ಪಾತ್ರೆ ಸವೆಯುತ್ತಿತ್ತೇ ಹೊರತು ಕರಿ ಹೋಗುತ್ತಿರಲಿಲ್ಲ. ಹೆಂಡತಿ ತೇಜಸ್ವಿನಿಗೆ ಎಂಟು ತಿಂಗಳು ತುಂಬಿದಾಗಿನಿಂದ ಅಡುಗೆಯೂ ಅವನದೇ, ಸೀಯಿಸುವುದೂ ಅವನದೇ.

ಸಿದ್ದಾಪುರದ ಆಚೆಗಿನ ಕಾಫಿ ಎಸ್ಟೇಟಿನಲ್ಲಿ ಅವನು ರೈಟರು. ಕೆಲಸಗಾರರ ಹಾಜರಿ ಬರೆಯುವವನು. "ಊಟ ಆದ್ಮೇಲೆ ಎಡಮಗ್ಗುಲಿಗೆ ಮಲಗಿ ಮಗು ಅಲ್ಲಾಡೋದು ಎಣಿಸಮ್ಮ. ಎರಡು ಗಂಟೇಲಿ ಹತ್ತು ಆಗ್ಲಿಲ್ಲಾಂದ್ರೆ ಕಾಯ್ಬೇಡ, ಬಂದ್ಬಿಡು" ಎಂದು ನರ್ಸಮ್ಮ ಹೇಳಿದ್ದರು. ಬಾಯಿಲೆಕ್ಕವನ್ನು ಸಿದ್ದರಾಜು ಒಪ್ಪುವವನಲ್ಲ. ಕಾಫಿ ಒಣಗಿಸುವ ಕಣದಲ್ಲಿ ಓಡಾಡುವಾಗ ಪ್ಯಾಂಟಿನ ಮಡಿಕೆಗೆ ಸೇರಿದ್ದ ಬೀಜಗಳನ್ನು ಕೊಡವಿ, ಅವತ್ತು ಊಟವಾದ ಮೇಲೆ ಹೆಂಡತಿಯ ಕೈಗಿಟ್ಟಿದ್ದ.

"ಒಂದು ಸಲ ಅಲ್ಲಾಡಿದ್ರೆ ಒಂದು ಬೀಜ ಲೋಟಕ್ಕೆ. ನಾನು ಬಂದು ಚೆಕ್ ಮಾಡ್ತೀನಿ."

"ಮಗೂಗೂ ಹಾಜರಿ ಹಾಕ್ತೀರೇನ್ರೀ?"

"ಈಗ್ಲಿಂದ್ಲೇ ರೂಢಿ ಆಗ್ಲಿ."

ಬೀಜದ ವಿಷಯವಾಗಿಯೇ ಅವನ ಜೇಬಿನಲ್ಲಿ ಮೂರು ತಿಂಗಳಿಂದ ಒಂದು ಕಾಗದ ಮುದುಡಿಕೊಂಡಿತ್ತು. ಎಸ್ಟೇಟಿನ ಕಾಫಿಯನ್ನು ಮನೆಗೆ ಒಯ್ಯುವವರ ಹೆಸರು ಬರೆದು, ರುಜು ಹಾಕಿ, ಹೆಡ್ ಆಫೀಸಿಗೆ ಅಂಚೆಯಲ್ಲಿ ಕಳಿಸಬೇಕೆಂದು ಮ್ಯಾನೇಜರ್ ಪೊನ್ನಪ್ಪನವರ ಆಜ್ಞೆ. ಹೆಸರಿನ ಜಾಗ ಖಾಲಿಯಿತ್ತು. ಕೆಲಸಗಾರರ ಲೈನ್‌ಮನೆಗಳಲ್ಲಿ ಯಾರ ಬಾಗಿಲಿಗೆ ಹೋದರೂ ಅದೇ ಬೀಜದ ಘಮಘಮ ಕಾಫಿ ಕೊಡುತ್ತಿದ್ದರು, ಅವನೂ ಕುಡಿಯುತ್ತಿದ್ದ. ಕುಡಿದ ಬಾಯಲ್ಲಿ ಹೆಸರು ಹೇಳುವುದು ಹೇಗೆ? ಬೆಳಗಿನ ಹಾಜರಿಯ ಹೊತ್ತಿಗೆ "ಒಂದು ಬೀಜ ಸಿಕ್ಕಿದ್ರೂ ಕೆಲಸ ಹೋಯ್ತು, ನೋಡ್ಕೊಳ್ಳಿ!" ಎಂದು ಗದರಿಸಿ ಸುಮ್ಮನಾಗುತ್ತಿದ್ದ.

ಪಾತ್ರೆ ಮುಗಿಸಿ, ಬಟ್ಟೆ ಒಗೆದು, ಕೈ ಒರೆಸಿಕೊಂಡು ಒಳಗೆ ಬಂದ. ಕಿಟಕಿಯ ಮೇಲಿನ ಲೋಟದೊಳಗೆ ಇಣುಕಿದ.

"ತೇಜೂ! ಒಂದೂ ಇಲ್ಲ!"

ತೇಜಸ್ವಿನಿ ನಿದ್ದೆಯಿಂದ ಎದ್ದಳು. "ಏಳು ಹಾಕಿದ್ನಲ್ರೀ, ಆಮೇಲೆ ಕಣ್ಣು ಹತ್ತಿತು." ಲೋಟ ಬೋರಲು ಹಾಕಿದಳು. ಏನೂ ಬೀಳಲಿಲ್ಲ. ಅವಳ ಮುಖ ಸಣ್ಣದಾಯಿತು. "ಕನಸಲ್ಲಿ ಹಾಕಿದ್ನಾ?"

ಇಬ್ಬರೂ ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಹಿಡಿದರು. ಒಳಗೆ ಅಲ್ಲಾಟವೇ ಇಲ್ಲ. 

ಅವನು ಕೂಗಿದ ಕೂಗಿಗೆ ಲೈನಿಗೆ ಲೈನೇ ಬಂತು. "ಬೆಲ್ಲದ ನೀರು ಕುಡಿಸಿ" ಎಂದಳು ಎದುರುಮನೆ ಮಹಾದೇವಮ್ಮ. "ಗಂಡ್ಮಗು ಸೋಮಾರಿ, ಹಂಗೇ ಇರ್ತದೆ" ಎಂದಳು ಮತ್ತೊಬ್ಬಳು. ಪಕ್ಕದ ಮನೆ ಮುತ್ತಮ್ಮ ಮಾತ್ರ, "ಬಾಯಿ ಸಾಕು, ಮೊದ್ಲು ಆಸ್ಪತ್ರೆ!" ಎಂದು ಬಂಗಲೆಗೆ ಓಡಿ ಪೊನ್ನಪ್ಪನವರನ್ನೂ ಜೀಪನ್ನೂ ಎಬ್ಬಿಸಿ ತಂದಳು, ಯಾರೂ ಕರೆಯದೆ ತಾನೂ ಹತ್ತಿ ಕೂತಳು.

ವಿರಾಜಪೇಟೆಯ ಗುಂಡಿಬಿದ್ದ ದಾರಿಯಲ್ಲಿ ಕುಲುಕುವ ಜೀಪಿನೊಳಗೆ ಎಲ್ಲರೂ ಒಬ್ಬರಿಗೊಬ್ಬರು ಒದ್ದುಕೊಂಡರು. ಅದರಲ್ಲಿ ಮಗುವಿನ ಒದೆ ಯಾವುದೆಂದು ತಿಳಿಯುವಂತಿರಲಿಲ್ಲ.

ಡಾಕ್ಟರಮ್ಮ ಹೊಟ್ಟೆಗೆ ಮೆಷಿನ್ ಇಟ್ಟರು. ದಡದಡ ದಡದಡ ಎಂದು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಓಡಿದಂತೆ ಎದೆಬಡಿತ ಕೇಳಿಸಿತು. ಸಿದ್ದರಾಜು ಹತ್ತಿರದ ಸ್ಟೂಲಿನ ಮೇಲೆ ಕುಸಿದ. ಅದರ ಮೇಲೆ ಆಗಲೇ ಪೊನ್ನಪ್ಪನವರಿದ್ದರು.

ಅರ್ಧ ಗಂಟೆ ನೋಡಿ, "ಮಗು ಚೆನ್ನಾಗಿದೆ. ನೀವು ಬಂದದ್ದೇ ಸರಿ, ಕಡಿಮೆ ಅನ್ಸಿದ್ರೆ ಯಾವತ್ತೂ ಕಾಯ್ಬಾರ್ದು" ಎಂದರು ಡಾಕ್ಟರಮ್ಮ. "ಹೇಗೆ ಎಣಿಸ್ತಿದ್ರಿ?"

ಜೀವ ಬಂದ ಸಿದ್ದರಾಜು ಬೀಜ, ಲೋಟದ ಪದ್ಧತಿಯನ್ನೆಲ್ಲ ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದ.

ಮುತ್ತಮ್ಮ ಗೊಳೋ ಎಂದಳು. "ಅಯ್ಯೋ ರೈಟ್ರೇ, ಅದು ಮಗೂ ಲೆಕ್ಕವಾ? ಮಜ್ಜಿಗೆ ಕೇಳಕ್ಕೆ ಬಂದೆ, ಈ ಹುಡುಗಿ ಮಲಗಿತ್ತು. ಲೋಟದಲ್ಲಿ ಎಸ್ಟೇಟ್ ಬೀಜ! ಸಾಹೇಬ್ರು ಕಂಡ್ರೆ ನಿಮ್ಮ ಕೆಲಸ ಹೋಗ್ತದೆ, ಬಸುರಿ ಹೆಂಗ್ಸು ಎಲ್ಲಿಗೆ ಹೋಗಬೇಕು ಅಂತ ನಾನೇ ಬಚ್ಚಿಟ್ಟೆ!" ಸೆರಗಿನ ಗಂಟು ಬಿಚ್ಚಿದಳು. ಏಳು ಬೀಜ.

"ಏಳೇ ಅಂದ್ನಲ್ಲ!" ಎಂದಳು ತೇಜಸ್ವಿನಿ.

ಪೊನ್ನಪ್ಪನವರು ಬೀಜಗಳನ್ನು ಒಂದೊಂದಾಗಿ ನೋಡಿದರು. "ಸಿದ್ದರಾಜೂ, ಆ ಕಾಗದ ಜೇಬಲ್ಲಿ ಉಂಟಾ?"

"ಉಂಟು ಸಾರ್."

"ಸಿಕ್ಕಿದ್ದು ಇವಳ ಸೆರಗಲ್ಲಿ. ಇದ್ದದ್ದು ನಿನ್ನ ಲೋಟದಲ್ಲಿ. ಯಾರ ಹೆಸರೂಂತ ನೀನೇ ನೋಡು. ಕಾಗದ ಇವತ್ತೇ ಹೋಗ್ಬೇಕು."

ಮುತ್ತಮ್ಮ ಮೂಗು ಒರೆಸಿಕೊಂಡು, "ನನ್ನದೇ ಬರ್ಕೊಳ್ಳಿ ರೈಟ್ರೇ" ಎಂದಳು. ಸಿದ್ದರಾಜು ಡಾಕ್ಟರಮ್ಮನ ಪೆನ್ನು ಇಸಿದುಕೊಂಡು, ಮೂರು ತಿಂಗಳಿಂದ ಖಾಲಿಯಿದ್ದ ಜಾಗದಲ್ಲಿ ದುಂಡಗೆ ಬರೆದ: ಸಿದ್ದರಾಜು, ರೈಟರ್. ಬೀಜ ಏಳು. ಕೆಳಗೆ ರುಜುವನ್ನೂ ಅವನೇ ಹಾಕಿದ.

ಆಸ್ಪತ್ರೆಯ ಗೇಟಿನ ಹೊರಗಿನ ಅಂಚೆ ಡಬ್ಬಿಯವರೆಗೆ ಪೊನ್ನಪ್ಪನವರೇ ಜೊತೆಗೆ ಬಂದರು; ಲಕೋಟೆಯೂ ಸ್ಟಾಂಪೂ ಅವರದೇ. ಡಬ್ಬಿ ಖಾಲಿಯಿದ್ದಿರಬೇಕು, ಲಕೋಟೆ ಟಪ್ಪೆಂದು ತಳಕ್ಕೆ ಬಿತ್ತು.

ಹಿಂದೆ ಬರುತ್ತಿದ್ದ ತೇಜಸ್ವಿನಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಳು. "ರೀ, ಎಂಟು."