ಹಿತ್ತಿಲ ನಲ್ಲಿಯ ರಿಪೇರಿ

ಕೆಟ್ಟ ಮೇಲೆ ರಿಪೇರಿ ಮಾಡಿಸುವವನು ಸೋಮಾರಿ, ಕೆಡುವ ಮುಂಚೆಯೇ ಮಾಡಿಸುವವನು ಗೃಹಸ್ಥ ಎಂಬುದು ನನ್ನ ಮತ. ಈ ಮತಕ್ಕೆ ನಮ್ಮ ಮನೆಯಲ್ಲಿ ನಾನೊಬ್ಬನೇ ಅನುಯಾಯಿ. ಕಚೇರಿಯಿಂದ ಪೆನ್ಷನ್ ಪಡೆದ ಮೇಲೆ ನನ್ನ ಶಿಸ್ತನ್ನು ಸಹಿಸಲು ಗುಮಾಸ್ತರು ಇಲ್ಲವಾದರು. ಆ ಭಾಗ್ಯ ಮನೆಯ ಸೂರು, ಮೋರಿ, ನಲ್ಲಿಗಳ ಪಾಲಿಗೆ ಬಂದಿತು. ಮಳೆಗಾಲ ಹಿಡಿಯುವ ಮುಂಚೆ ಸೂರಿನ ತಗಡಿನ ದೋಣಿಯಿಂದ ಎಲೆ ತೆಗೆಸಬೇಕು, ಬಚ್ಚಲ ಮೋರಿಗೆ ಬಿದಿರಿನ ಗಳು ಹಾಕಿಸಬೇಕು, ನಲ್ಲಿಯನ್ನು ಬಿಚ್ಚಿ ನೋಡಬೇಕು. "ಸುಮ್ನಿರೋದನ್ನ ಯಾಕೆ ಕೆಣಕ್ತೀರಿ?" ಎನ್ನುವುದು ನನ್ನ ಹೆಂಡತಿಯ ಮತ. ನಮ್ಮ ಬೀದಿಗೆ ನಲ್ಲಿ ಬಂದ ಹೊಸದರಲ್ಲಿ ಪಕ್ಕದ ಮನೆಯವರು ನಂಜನಗೂಡಿಗೆ ಹೊರಟಾಗಲೆಲ್ಲ ಕಳ್ಳರ ಭಯಕ್ಕೆ ತಮ್ಮ ನಲ್ಲಿಗೆ ಗೋಣಿಚೀಲ ಸುತ್ತಿ ಹಗ್ಗ ಬಿಗಿದು ಹೋಗುತ್ತಿದ್ದರು. ಅಷ್ಟು ಮರ್ಯಾದೆ ಕಂಡ ವಸ್ತು ನಮ್ಮ ಹಿತ್ತಿಲಲ್ಲಿ ಹಗಲಿರುಳು ತೊಟ್ಟಿಕ್ಕುತ್ತಿತ್ತು. ಸಂಜೆಯಾದರೆ ಯಾರೋ ಅದರ ಕೆಳಗೆ ತಾಮ್ರದ ಕೊಡ ಇಡುತ್ತಿದ್ದರು. ಸೋರುವ ನೀರು ದಂಡವಾಗದಿರಲೆಂದು ಇಡುತ್ತಾರೆ ಎಂದುಕೊಂಡು, ಇವರಿಗೂ ಸ್ವಲ್ಪ ಬುದ್ಧಿ ಬಂದಿದೆಯೆಂದು ಸಂತೋಷಪಟ್ಟಿದ್ದೆ.

ಒಂದು ಏಕಾದಶಿಯ ದಿನ, ಅಡಿಗೆಯ ಗಲಾಟೆಯಿಲ್ಲದ್ದರಿಂದ ಹಿತ್ತಿಲು ಖಾಲಿಯಿರುತ್ತದೆಂದು ಲೆಕ್ಕ ಹಾಕಿ, ನಲ್ಲಿಯನ್ನು ಬಿಚ್ಚಿ ಹಳೆಯ ವಾಷರನ್ನು ತಿಪ್ಪೆಗೆಸೆದು ಹೊಸ ರಬ್ಬರು ಬಿಲ್ಲೆ ಕೂರಿಸಿದೆ. ಸೋರಿಕೆ ನಿಂತಿತು. ರಾತ್ರಿ ಅಷ್ಟು ಸುಖವಾದ ನಿದ್ದೆ ನನಗೆ ಪೆನ್ಷನ್ ಮಂಜೂರಾದ ದಿನವೂ ಬಂದಿರಲಿಲ್ಲ.

ಬೆಳಿಗ್ಗೆ ಎದ್ದಾಗ ನಮ್ಮಕ್ಕ ಖಾಲಿ ಕೊಡದ ಮುಂದೆ ಕೂತಿದ್ದಳು. ವಿಧವೆಯಾಗಿ ನಮ್ಮ ಮನೆಗೆ ಬಂದಾಗಿನಿಂದ ಅಕ್ಕನ ಮಡಿಯ ಮುಂದೆ ನನ್ನ ಶಿಸ್ತು ಶಿಶುವಿಹಾರ.

"ಲೋ, ನಲ್ಲಿಗೆ ಏನ್ ಮಾಡ್ದೆ?"

"ರಿಪೇರಿ ಮಾಡ್ಬುಟ್ಟೆ ಅಕ್ಕಾ. ಇನ್ನು ಒಂದು ಹನಿಯೂ ಸೋರೋದಿಲ್ಲ."

"ಹಾಗಾದ್ರೆ ನಾನೂ ಒಂದು ಹನಿ ಕುಡಿಯೋ ಹಾಗಿಲ್ಲ."

"ತಿರುಗಿಸಿದ್ರೆ ಬರುತ್ತಲ್ಲಕ್ಕಾ!"

"ಮನೆಗೆ ಬಂದೋರೆಲ್ಲ ಮುಟ್ಟೋ ತಿರುಪು ಕಣೋ ಅದು. ತಿರುಗಿಸಿ ಬಿಟ್ಟ ನೀರು ನಿಮಗೆ. ತಾನಾಗಿ ಬಿದ್ದದ್ದು ಮಳೆ ಇದ್ದ ಹಾಗೆ, ಅದಕ್ಕೆಲ್ಲಿ ಮೈಲಿಗೆ?"

ಒಳಗಿನಿಂದ ನನ್ನ ಹೆಂಡತಿ ಬಂದಳು. "ನಿನ್ನೆಯಿಂದ ಅವರು ತೊಟ್ಟು ನೀರು ಕುಡಿದಿಲ್ಲ ಕಣ್ರೀ. ಪಾರಣೆ ಹೊತ್ತು ಮೀರ್ತಾ ಇದೆ. ನಿಮ್ಮ ವಾಷರನ್ನ ಆಮೇಲೆ ಹೊಗಳ್ಕೊಳ್ಳಿ."

ಅಕ್ಕನ ತುಟಿ ಒಣಗಿತ್ತು. ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ಕೊಡ ಹೊತ್ತು ಎದುರುಮನೆಯ ಬಾವಿಗೆ ಓಡಿದೆ. ಹಿಂದಿರುಗುವಾಗ ಬೀದಿಯಲ್ಲಿ ನನ್ನ ಹಳೆಯ ಗುಮಾಸ್ತ ಎದುರಾಗಿ, ಕೊಡೆ ಮಡಿಸಿ ಕೈಮುಗಿದು, "ಏನ್ ಸ್ವಾಮಿ, ನಲ್ಲಿ ಕೆಟ್ಟಿದೆಯೇ?" ಎಂದ. "ಇಲ್ಲ, ರಿಪೇರಿಯಾಗಿದೆ" ಎಂದೆ. ಅವನು ಕಚೇರಿಯಲ್ಲಿದ್ದಾಗಿನಂತೆಯೇ, ಅರ್ಥವಾಗದಿದ್ದರೂ ತಲೆಯಾಡಿಸಿದ.

ಅಕ್ಕ ತೀರ್ಥ ತೆಗೆದುಕೊಂಡು, ಊಟ ಮುಗಿಸಿ, ಮುಖ ಕಳೆಗೂಡಿದ ಮೇಲೆ ಕೇಳಿದಳು: "ನಾಳೆಯೂ ನೀನೇ ತರ್ತೀಯೇನೋ?" ನನ್ನ ಸೊಂಟ ನನಗಿಂತ ಮುಂಚೆ ಉತ್ತರ ಕೊಟ್ಟಿತು. ತಿಪ್ಪೆ ಕೆದಕಿ ಹಳೆಯ ವಾಷರನ್ನು ಹುಡುಕಿ ತಂದೆ. ಸೋರಿಕೆ ನಿಲ್ಲಿಸುವುದು ಯಾರಿಂದಲಾದರೂ ಆದೀತು. ಬೆಳಗಾಗುವ ಹೊತ್ತಿಗೆ ಒಂದು ಕೊಡ ತುಂಬುವಂತೆ, ಆದರೆ ಹೊರಕ್ಕೆ ಉಕ್ಕದಂತೆ ಸೋರಿಸುವುದಿದೆಯಲ್ಲ, ಅದು ವಿದ್ಯೆ. ಅಕ್ಕ ಜಗಲಿಯ ಮೇಲೆ ಕೂತು, "ಜಾಸ್ತಿಯಾಯ್ತು ಕಣೋ... ಈಗ ಕಮ್ಮಿ" ಎನ್ನುತ್ತ ನನಗೆ ಆ ವಿದ್ಯೆ ಕಲಿಸಿದಳು.

ಅಂದಿನಿಂದ ಮಳೆಗಾಲಕ್ಕೆ ಮುಂಚೆ ತಪ್ಪದೆ ನಲ್ಲಿ ಬಿಚ್ಚುತ್ತೇನೆ. ಸೋರಿಕೆ ಎಲ್ಲಿ ನಿಂತುಹೋಗುತ್ತದೋ ಎಂಬ ಭಯದಿಂದ. ಮೊನ್ನೆ ನೀರಿನ ಇಲಾಖೆಯ ಆಳು ಬೀದಿ ತಪಾಸಣೆಗೆ ಬಂದವನು ಹಿತ್ತಿಲಿಗೂ ಇಣುಕಿ, "ರಾಯರೇ, ವಾಷರ್ ಹೋಗಿದೆ. ಹೊಸದು ಹಾಕ್ಬುಡ್ಲಾ?" ಎಂದ. ನಾನು ನಲ್ಲಿಗೆ ಅಡ್ಡ ನಿಂತು, "ಬೇಡಪ್ಪ, ಸರಿಯಾಗಿ ಸೋರ್ತಾ ಇದೆ" ಎಂದೆ. ಅವನು ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಹೊರಗೆ ಹೋಗುವಾಗ ನನ್ನ ಹೆಂಡತಿಯನ್ನು ಮೆಲ್ಲಗೆ ಕೇಳಿದನಂತೆ: "ರಾಯರು ಹಿಂಗಾಗಿ ಎಷ್ಟು ದಿನ ಆಯ್ತಮ್ಮ?"