ಐವತ್ತು ಗುಂಡಿ

ಆಟವಾಡಲು ಬರಬೇಕೆಂಬ ಚೀಟಿ ಬಂದಾಗಿನಿಂದ ಸೋಪಿನ ಕಾರ್ಖಾನೆಯ ಗೋಡೌನಣ್ಣನಿಗೆ ಊಟ ಸೇರುತ್ತಿರಲಿಲ್ಲ. ಮಾಲು ಅಂಗಡಿ ತಲುಪುವ ಬಗೆಯನ್ನು ಆಟದಲ್ಲೇ ಕಲಿಸುತ್ತಾರಂತೆ. ಇಪ್ಪತ್ತೆರಡು ವರ್ಷ ಗೋಡೌನು ಕಾದವನಿಗೆ ಇನ್ನೇನು ಕಲಿಸುವುದು? ಆದರೆ ಸೋತವರ ಕೆಲಸಕ್ಕೆ ಕತ್ತರಿ ಎಂದು ಕ್ಯಾಂಟೀನಿನಲ್ಲಿ ಗುಸುಗುಸು ಎದ್ದಿತ್ತು. ಮಗಳು ಈಗಷ್ಟೇ ಕಾಲೇಜು ಸೇರಿದ್ದಳು.

ಪ್ರತಿ ಮೇಜಿನ ಮೇಲೂ ಸೀಮೆಸುಣ್ಣದಲ್ಲಿ ಬರೆದ ಮೂರು ಚೌಕ. ಅವನ ಮೇಜಿನಲ್ಲಿ ಕಾರ್ಖಾನೆಯ ಚೌಕಕ್ಕೆ ಖರೀದಿ ವಿಭಾಗದ ಮೇಡಂ, ಅಂಗಡಿಗೆ ಲಾರಿ ಡ್ರೈವರ್, ನಡುವಿನ ಗೋಡೌನಿಗೆ ಗೋಡೌನಣ್ಣನೇ. ಸೋಪಿನ ಬದಲು ಅಂಗಿಯ ಗುಂಡಿಗಳು. ಗಿರಾಕಿಗಳಿಗೆ ಎಷ್ಟು ಬೇಕೆಂಬುದು ಸುತ್ತಿಗೊಂದು ಚೀಟಿ ತೆಗೆದಾಗ ಅಂಗಡಿಗೆ ತಿಳಿಯುತ್ತದೆ. ಬೇಕಾದಷ್ಟನ್ನು ಚೀಟಿಯಲ್ಲಿ ಬರೆದು ಕೇಳಬೇಕು, ಮಾಲು ಬರುವುದು ಎರಡು ಸುತ್ತು ತಡವಾಗಿ. ಚೌಕದಲ್ಲಿ ಗುಂಡಿ ಮಿಕ್ಕರೆ ಅಂಕ ಕಡಿತ.

ಎರಡು ಸುತ್ತು ಡ್ರೈವರ್ ನಾಲ್ಕು ನಾಲ್ಕೇ ಕೇಳಿದ. ಮೂರನೆಯದಕ್ಕೆ ಎಂಟು ಕೇಳಿದ.  ಗೋಡೌನಣ್ಣ ಗಾಬರಿಯಲ್ಲಿ ಮೇಡಂಗೆ ಇಪ್ಪತ್ತು ಎಂದು ಬರೆದುಕೊಟ್ಟ.

"ಇಷ್ಟು ಸಾಕಾಗುತ್ತಾ? ನಾಳೆ ಹದಿನಾರು ಕೇಳಿದ್ರೆ?" ಎಂದು ಮೇಡಂ ಪಿಸುಗುಟ್ಟಿದರು. ಅವರಿಗೇನು, ಪುಗಸಟ್ಟೆ ಸಲಹೆ. ಮುಂದಿನ ಸುತ್ತಿನಲ್ಲಿ ಮಾಲು ಬರಲಿಲ್ಲ. ಹೆದರಿ ಇನ್ನೂ ಮೂವತ್ತು ಬರೆದ.

ಡ್ರೈವರ್ ಮತ್ತೆ ನಾಲ್ಕಕ್ಕೇ ಇಳಿದ. ಅಷ್ಟರಲ್ಲಿ ಮೇಡಂ ತಡವಾಗಿದ್ದ ಇಪ್ಪತ್ತನ್ನೂ ಮೂವತ್ತನ್ನೂ ಒಟ್ಟಿಗೆ ಸೇರಿಸಿ, ಎರಡೂ ಕೈ ತುಂಬ ಐವತ್ತು ಗುಂಡಿ ಹಿಡಿದು ಗೋಡೌನಣ್ಣನ ಚೌಕದತ್ತ ಬಾಗಿದರು.  ಬೀಸುವ ದೊಣ್ಣೆ ತಪ್ಪಿದರೆ ಸಾಕಾಗಿತ್ತು ಅವನಿಗೆ.

"ನನ್ನ ಮುಂದೆ ಇಡಬೇಡಿ ಮೇಡಂ. ಸೀದಾ ಡ್ರೈವರಿಗೇ ಕೊಟ್ಬಿಡಿ."

"ಸುರೀರಿ, ಅಂಗಡಿ ಏನು ನಮ್ಮಪ್ಪಂದಾ," ಎಂದ ಡ್ರೈವರ್. ಐವತ್ತೂ ಅಂಗಡಿಯ ಚೌಕಕ್ಕೆ ಬಿತ್ತು.

ಕೊನೆಯ ಸುತ್ತಿನಲ್ಲಿ ಗಿರಾಕಿಗಳ ಚೀಟಿ ತೆಗೆದರೆ ಅದರಲ್ಲಿ ಐವತ್ತು ಎಂದಿತ್ತು. ಅಂಗಡಿ ಬರಿದಾಯಿತು. ಉಳಿದ ಮೇಜುಗಳಲ್ಲಿ ಗುಂಡಿಯ ಗುಡ್ಡೆ ಬಿದ್ದಿದ್ದರೆ ಗೋಡೌನಣ್ಣನ ಚೌಕದಲ್ಲಿ ಒಂದೂ ಇರಲಿಲ್ಲ. ಅವನೇ ಗೆದ್ದಿದ್ದ. ಚಪ್ಪಾಳೆ ಬಿತ್ತು. ಕೆಲಸ ಉಳಿಯಿತೆಂದು ಅವನ ಕಣ್ಣು ತುಂಬಿ ಬಂತು.

ಆಟ ನೋಡುತ್ತ ಕೂತಿದ್ದ ಕಾರ್ಖಾನೆಯ ಮ್ಯಾನೇಜರು ಕುರ್ಚಿಯಿಂದ ಎದ್ದೇ ಬಂದರು. "ಕಾರ್ಖಾನೆಯಿಂದ ಸೀದಾ ಅಂಗಡಿಗೆ. ಇಷ್ಟು ವರ್ಷ ನಮಗ್ಯಾರಿಗೂ ಹೊಳೀಲಿಲ್ಲ ನೋಡಿ. ಬರೋ ತಿಂಗಳಿಂದ ಹೀಗೇ ಮಾಡೋಣ. ಮಧ್ಯದಲ್ಲಿ ಗೋಡೌನ್ ಯಾಕೆ ಬೇಕು?"

"ಹಾಗಾದ್ರೆ ನಾನು, ಸಾರ್?" ಗೋಡೌನಣ್ಣನ ದನಿ ಅವನಿಗೇ ಕೇಳಿಸಲಿಲ್ಲ.

ಮ್ಯಾನೇಜರು ಪ್ರೀತಿಯಿಂದ ಬೆನ್ನು ತಟ್ಟಿದರು. "ನಿಮ್ಮನ್ನ ಅಷ್ಟು ಸುಲಭಕ್ಕೆ ಬಿಡ್ತೀವಾ? ಗೋಡೌನ್ ಖಾಲಿ ಆಗೋವರೆಗೂ ನೀವೇ ಇರ್ಬೇಕು."