ಮೇಷ್ಟ್ರು ಗೆದ್ದ ಫುಟ್‌ಬಾಲು

ಜನ್ಮದಲ್ಲಿ ಯಾರಿಗೂ ಒಂದೇ ಒಂದು ಅಂಕವನ್ನು ಧರ್ಮಕ್ಕೆ ಕೊಟ್ಟವರಲ್ಲ ನಮ್ಮ ಲೆಕ್ಕದ ಮೇಷ್ಟ್ರು. ಸ್ವಂತ ಭಾವಮೈದನನ್ನೇ ಒಂದು ಅಂಕಕ್ಕೆ ಫೇಲು ಮಾಡಿ ಕೂರಿಸಿದ ಧೀರರು. ಅವತ್ತು ಹೆಂಡತಿ ಅತ್ತು ಬೇಡಿಕೊಂಡಾಗ, "ಎತ್ತಿ ದಾಟಿಸ್ಕೊಂಡವನು ಮುಂದಿನ ಹೊಳೆಯಲ್ಲಿ ಮುಳುಗ್ತಾನೆ" ಎಂದು ಅಪ್ಪಣೆ ಕೊಡಿಸಿ ಕೆಂಪು ಪೆನ್ನಿನ ಕ್ಯಾಪು ಮುಚ್ಚಿದ್ದರು. ಹುಡುಗ ಅದೇ ಬೆಂಚಿನಲ್ಲಿ ಇನ್ನೊಂದು ವರ್ಷ ಕೂತ. ಆಕೆ ಅದನ್ನು ಮರೆತಿದ್ದಾಳೆ ಎಂದು ಮೇಷ್ಟ್ರು ನಂಬಿದ್ದರು. (ಲೆಕ್ಕದ ಮೇಷ್ಟ್ರಿಗೆ ಎಲ್ಲ ಲೆಕ್ಕವೂ ಬರಬೇಕೆಂದೇನಿಲ್ಲವಲ್ಲ.)

ಇಂಥವರಿಗೆ, ಮಗಳು ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ವಿಡಿಯೋ ಗೇಮಿನ ಫುಟ್‌ಬಾಲು ಹುಚ್ಚು ಹಿಡಿಸಿತು. ಆಡಿದರೆ ಅತಿ ಕಠಿಣ ಮಟ್ಟದಲ್ಲೇ ಆಡುವುದೆಂದು ಪಟ್ಟು ಹಿಡಿದರು. ಅದನ್ನು ಟಿವಿಗೆ ಜೋಡಿಸಿ ಹೊಂದಿಸಿಕೊಡುವ ಚಿಲ್ಲರೆ ಕೆಲಸ ಮಾತ್ರ, ಮಗಳಿಂದ ಕಲಿತಿದ್ದ ಹೆಂಡತಿಯದು. ಮೊದಮೊದಲು ಸೋತು ಸುಣ್ಣವಾದರು. ಸೋತ ದಿನ ಊಟಕ್ಕೆ ಉಪ್ಪಿಲ್ಲ, ಫ್ಯಾನಿಗೆ ಗಾಳಿಯಿಲ್ಲ, ಹೆಂಡತಿಗೆ ಬುದ್ಧಿಯಿಲ್ಲ. ಆಮೇಲೆ ಅದೇನು ಕೈ ಕುದುರಿತೋ, ದಿನಕ್ಕೊಂದು ದಿಗ್ವಿಜಯ. ಸ್ಟಾಫ್ ರೂಮಿನಲ್ಲಿ ಪಿ.ಟಿ. ಮೇಷ್ಟ್ರಿಗೇ ವ್ಯೂಹರಚನೆಯ ಪಾಠ ಹೇಳತೊಡಗಿದರು.

ಒಂದು ಭಾನುವಾರ ಅದೇ ಭಾವಮೈದ ಬಂದ. ಕಷ್ಟಪಟ್ಟು ಗಳಿಸಿದ್ದು ಹೇಗಿರುತ್ತದೆ ನೋಡು ಎಂದು ಮೇಷ್ಟ್ರು ಅವನನ್ನು ಸೋಫಾದಲ್ಲಿ ಕೂರಿಸಿ ಆಟ ಶುರುಮಾಡಿದರು. ಅವನೂ ಮನೆಯಲ್ಲಿ ಇದನ್ನೇ ಆಡುವವನು. ಎದುರಾಳಿ ಗೋಲ್‌ಕೀಪರ್ ಚೆಂಡಿಗೆ ದಾರಿ ಬಿಟ್ಟು ನಿಲ್ಲುವುದನ್ನು ಕಂಡು, ಆಟ ತಡೆದು ಸೆಟ್ಟಿಂಗ್ಸ್ ತೆರೆದ. ಮಟ್ಟದ ಗುರುತು ಎಲ್ಲಕ್ಕಿಂತ ಕೆಳಗೆ, 'ಈಗಷ್ಟೇ ಕಲಿಯುವವರು' ಎಂಬಲ್ಲಿ ಕೂತಿತ್ತು.

ಯಾರು ಇಳಿಸಿದ್ದು ಎಂದು ಮೇಷ್ಟ್ರು ತರಗತಿಯ ದನಿಯಲ್ಲಿ ಕೇಳಿದರು.

ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ನಾನೇ. ನೀವು ಸೋತು ಎದ್ದು ಉತ್ತರಪತ್ರಿಕೆ ತಿದ್ದೋಕೆ ಕೂತ್ರೆ ಅರ್ಧ ಕ್ಲಾಸು ಫೇಲು. ಯಾರದೋ ಮಕ್ಕಳು, ಏನು ಪಾಪ ಮಾಡಿದ್ವು?"

ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ತಾವು ಪಾಸಾದದ್ದು ಹೆಂಡತಿಯ ದಯೆಯಿಂದಲೇ? ಗುರುತನ್ನು ತುತ್ತತುದಿಗೆ ಏರಿಸಲು ಭಾವಮೈದನಿಗೆ ಹೇಳಿದರು. ಅರ್ಧ ಆಟ ಮುಗಿಯುವುದರೊಳಗೆ ಒಂಬತ್ತು ಗೋಲು ತಿಂದರು. (ಅದರಲ್ಲಿ ಎರಡು ಅವರೇ ತಮ್ಮ ಗೋಲಿಗೆ ಹೊಡೆದುಕೊಂಡದ್ದು.) ಭಾವಮೈದ ನಗಲಿಲ್ಲ, ನಕ್ಕಿದ್ದರೆ ಬೈಯಬಹುದಿತ್ತು. ಚಪ್ಪಲಿ ಮೆಟ್ಟಿಕೊಳ್ಳುತ್ತ, "ಇಳಿಸ್ಕೋಬೇಡಿ ಭಾವ, ಎತ್ತಿ ದಾಟಿಸ್ಕೊಂಡವನು ಮುಳುಗ್ತಾನೆ" ಎಂದು ಹೊರಟುಹೋದ.

ಮೇಷ್ಟ್ರು ಒಬ್ಬರೇ ಮತ್ತೆ ಆಡಿ ಮತ್ತೆ ಸೋತರು. ಸೆಟ್ಟಿಂಗ್ಸ್ ಎಲ್ಲಿದೆ ಎಂದು ಹುಡುಕಿದರೆ ಟಿವಿಯ ಭಾಷೆ ಬದಲಾಯಿತು, ಮಟ್ಟ ಬದಲಾಗಲಿಲ್ಲ. ಹೆಂಡತಿ ಬಂದು ಭಾಷೆ ಸರಿಮಾಡಿಕೊಟ್ಟು ಹೋದಳು. ಕಡೆಗೆ ಅವರು ಗಂಟಲು ಸರಿಪಡಿಸಿಕೊಂಡರು. ಬೇಡಿ ಅಭ್ಯಾಸವಿಲ್ಲದ ಬಾಯಿ.

"ಪೂರ್ತಿ ಬೇಡ ಕಣೇ. ಒಂದೇ ಒಂದು ಹಂತ ಇಳಿಸು."

ಆಕೆ ಮಡಚಿದ ಅಂಗಿಯನ್ನು ಪಕ್ಕಕ್ಕಿಟ್ಟು ಎದ್ದು ಬಂದಳು.

"ಒಂದು ಸಾಕಾಗ್ತಿದ್ದಿದ್ದು ನನ್ನ ತಮ್ಮನಿಗೆ ರೀ. ನಿಮಗೆ ಸಾಲೋದಿಲ್ಲ" ಎಂದು ಗುರುತನ್ನು ತಳದವರೆಗೂ ಇಳಿಸಿ ಆಟದ ರಿಮೋಟನ್ನು ಅವರ ಕೈಗೆ ಕೊಟ್ಟಳು.